ಯುಗಾದಿಯ ಮುಂಜಾನೆ ನಿಂತ ಪಿಕಪ್ಪು

ಕುಬೇರಪ್ಪ ಮೊದಲ ಸಲ ಕಣ್ಣಿಗೆ ಬಿದ್ದದ್ದು 1986ರ ಆಷಾಢದ ಒಂದು ಮಧ್ಯಾಹ್ನ. ಶಲವಡಿಯ ಶಾಲೆಗೆ ವರ್ಗವಾಗಿ ಬಂದ ಮಾಸ್ತರನೊಬ್ಬ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಹಾಸಿಗೆಯ ಸುರುಳಿ ಹಿಡಿದು ಕ್ರಾಸಿನಲ್ಲಿ ನಿಂತಿದ್ದ. ಎರಡು ದಿನದಿಂದ ಹಿಡಿದಿದ್ದ ಮಳೆಗೆ ಕಪ್ಪು ಎರಿ ಮಣ್ಣು ಹದಗೆಟ್ಟು, ಊರೊಳಗೆ ಹೋಗಲಾರೆನೆಂದು ಬಸ್ಸು ಅವನನ್ನು ಅಲ್ಲಿಯೇ ಇಳಿಸಿ ಹೋಗಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಎರಡು ಸೇರು ಮಣ್ಣು ಅಂಟಿಕೊಳ್ಳುತ್ತಿತ್ತು. ಅಷ್ಟರಲ್ಲಿ ಜೀಪಿನಂಥ ಮೂತಿಯ, ಹಿಂದೆ ಸಾಮಾನು ತುಂಬುವ ತಗಡಿನ ತೊಟ್ಟಿಯಿದ್ದ ಹಸಿರು ಬಣ್ಣದ ಗಾಡಿಯೊಂದು ಓಲಾಡುತ್ತ ಬಂದು ನಿಂತಿತು. ಒಳಗಿನಿಂದ ಇಪ್ಪತ್ತೆಂಟರ ಹರೆಯದ ಕುಬೇರಪ್ಪ ತಲೆ ಹೊರಗೆ ಹಾಕಿದ.

“ಸಾಲಿ ಮಾಸ್ತರ ಹೌದಲ್ರಿ? ಚಪ್ಪಲಿ ಕೈಯಾಗ ಹಿಡಕೊಂಡು ಹತ್ರಿ. ಗಾಡಿ ಸ್ವಚ್ಛ ಐತಿ.”

ಹಿಂದಿನ ತೊಟ್ಟಿಯಲ್ಲಿ ಹನ್ನೆರಡು ಚೀಲ ಹತ್ತಿಕಾಳು, ಎರಡು ಆಡು, ಒಬ್ಬ ಬಾಣಂತಿ, ಆಕೆಯ ತಾಯಿ. ಅಷ್ಟನ್ನೂ ಹೇರಿಕೊಂಡು ಗಾಡಿ ಕೆಸರಿನಲ್ಲಿ ಹೊರಳುವಾಗ ಕುಬೇರಪ್ಪ ಅದರೊಂದಿಗೆ ಮಾತಾಡುತ್ತಿದ್ದ. “ಬಾ ನನ್ನವ್ವ, ಇದೊಂದು ಹಳ್ಳ ದಾಟು, ಆಮ್ಯಾಲ ನೀ ಹೇಳಿದ್ದು ಕೇಳ್ತೀನಿ.” ಆ ಮಾಸ್ತರ ಈಗ ನಿವೃತ್ತನಾಗಿ ಈ ಸಾಲುಗಳನ್ನು ಬರೆಯುತ್ತಿದ್ದಾನೆ. ಅವನ ಸುದ್ದಿ ಇಷ್ಟಕ್ಕೆ ಸಾಕು. ಹೇಳಬೇಕಾದದ್ದು ಕುಬೇರಪ್ಪನದು.

ಆ ಪಿಕಪ್ಪನ್ನು ಕೊಂಡವನು ಕುಬೇರಪ್ಪನ ಅಣ್ಣ ಗುರುಶಿದ್ದಪ್ಪ. ಕಾಲುವೆ ಕೆಲಸಕ್ಕೆ ಬಂದಿದ್ದ ಗಾಡಿಗಳನ್ನು ಹರಾಜು ಹಾಕಿದಾಗ ಎಲ್ಲರೂ ಟ್ರ್ಯಾಕ್ಟರಿಗೆ ಮುಗಿಬಿದ್ದರೆ, ಅವನು ಒಬ್ಬನೇ ಈ ಪಿಕಪ್ಪಿನ ಸುತ್ತ ಮೂರು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು “ಇದು ಸಾಕು” ಎಂದಿದ್ದನಂತೆ. ಓಡಿಸಲು ಕಲಿತವನು ತಮ್ಮ. ಅಂದಿನಿಂದ ಹತ್ತಿ ಅಣ್ಣಿಗೇರಿಗೆ, ಮೆಣಸಿನಕಾಯಿ ಹುಬ್ಬಳ್ಳಿಗೆ, ಮದುಮಗಳು ಗಂಡನ ಮನೆಗೆ, ಹೆರಿಗೆ ನೋವು ತಿನ್ನುವ ಹೆಣ್ಣುಮಗಳು ನವಲಗುಂದದ ದವಾಖಾನೆಗೆ, ಎಲ್ಲವೂ ಅದರಲ್ಲಿಯೇ. ಊರಲ್ಲಿ ಮೂವರು ಕುಬೇರಪ್ಪಂದಿರಿದ್ದರೂ ‘ಪಿಕಪ್ ಕುಬೇರಪ್ಪ’ ಎಂದರೆ ಇವನೊಬ್ಬನೇ.

ಗಾಡಿಗೆ ಕೇಡು ಬಂದದ್ದು 1998ರಲ್ಲಿ, ಅಣ್ಣತಮ್ಮಂದಿರ ಆಸ್ತಿ ಪಾಲಾದ ವಾಟಣಿಯಲ್ಲಿ. ಜಗಳವೇನೂ ಇರಲಿಲ್ಲ. ಮಕ್ಕಳು ದೊಡ್ಡವರಾದರು, ಒಲೆ ಬೇರೆಯಾದವು, ಅಷ್ಟೇ. ಮಠದ ಕಟ್ಟೆಯ ಮೇಲೆ ಐವರು ಹಿರಿಯರು ಕುಳಿತು ಹೊಲ, ಮನೆ, ಎತ್ತು, ಹಂಡೆ, ಕೊಳಗ ಎಲ್ಲವನ್ನೂ ಸರಿಯಾಗಿ ಎರಡು ಮಾಡಿದರು. ಪಿಕಪ್ಪು ಉಳಿಯಿತು. ಮಾರೋಣವೆಂದರೆ ಇಬ್ಬರೂ ಒಲ್ಲೆನೆಂದರು. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ಅನ್ಯಾಯ. ಆಗ ಹಿರಿಯರಲ್ಲೊಬ್ಬರಿಗೆ ಬಾವಿಯ ನೀರಿನ ಸರತಿ ನೆನಪಾಯಿತು. ಬಾವಿಯನ್ನು ಸೀಳಲಾಗುವುದಿಲ್ಲ, ಸರತಿ ಹಚ್ಚುತ್ತೇವೆ, ಗಾಡಿಗೂ ಹಾಗೆಯೇ ಹಚ್ಚಿದರಾಯಿತು. ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಒಬ್ಬನಿಗೆ, ಆಮೇಲೆ ಇನ್ನೊಬ್ಬನಿಗೆ. ಗಾಡಿ ತೆಗೆದುಕೊಳ್ಳುವವನ ಮನೆಯಲ್ಲಿ ಯುಗಾದಿಯ ಬೇವು, ಅಂದರೆ ಬೇವಿನ ಹೂವು ಬೆಲ್ಲ ಕಲಸಿದ ಪಾನಕ, ಕುಡಿದಾದ ಮೇಲೆ ವರ್ಷ ಬದಲಾಯಿತೆಂದು ತಿಳಿಯಬೇಕು. ಯಾರ ವರ್ಷದಲ್ಲಿ ಕೆಡುತ್ತದೋ ರಿಪೇರಿ ಅವರದು. ಎಲ್ಲರೂ ತಲೆಯಾಡಿಸಿದರು, ಕಾಗದವಾಯಿತು, ಮೇಲೆ ಮಂಡಾಳು ಮಿರ್ಚಿ ತಿಂದು ಎದ್ದರು.

ಬಾವಿಗೆ ಗೇರು, ಬ್ರೇಕು ಇರುವುದಿಲ್ಲವೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಕ್ಲಚ್ಚು ಜಾರತೊಡಗಿದರೆ ಅಣ್ಣ ‘ಇನ್ನು ಮೂರೇ ತಿಂಗಳು, ತಮ್ಮನ ವರ್ಷದಲ್ಲಿ ನೋಡಿಕೊಳ್ಳಲಿ’ ಎನ್ನುತ್ತಿದ್ದ. ಸ್ಪ್ರಿಂಗಿನ ಪಾಟಾ ಒಡೆದರೆ ತಮ್ಮ ಅದಕ್ಕೆ ತಂತಿ ಸುತ್ತಿ ಯುಗಾದಿಯವರೆಗೆ ತಳ್ಳುತ್ತಿದ್ದ. ಫಾಲ್ಗುಣ ಬಂತೆಂದರೆ ಸಾಕು, ಯಾರ ಕೈಯಲ್ಲಿ ಗಾಡಿಯಿತ್ತೋ ಅವನು ಮೊಸರಿನ ಗಡಿಗೆ ಹೊತ್ತವನಂತೆ ಓಡಿಸುತ್ತಿದ್ದ. ಚೈತ್ರದಲ್ಲಿ ಗಾಡಿ ಕೈಬದಲಾದ ಮರುದಿನವೇ ಅದು ಎಲ್ಲಾದರೂ ನಿಂತು ಬಿಡುತ್ತಿತ್ತು. ಹದಿನೈದು ವರ್ಷ ಹೀಗೆಯೇ ನಡೆಯಿತು. ನವಲಗುಂದದ ಗ್ಯಾರೇಜಿನ ಗೌಸ್ ಮಾತ್ರ ನಗುತ್ತಿದ್ದ. “ನಿಮ್ಮ ಗಾಡಿಗಿ ಪಂಚಾಂಗ ಗೊತ್ತೈತಿ ಕುಬೇರಣ್ಣಾ, ನನಗಿಂತ ಪಾಡ” ಎನ್ನುತ್ತಿದ್ದ.

ಅದು ಕೊನೆಯ ಸಲ ಓಡಿದ್ದು 2013ರ ಯುಗಾದಿಯಂದು. ಅಂದಿನಿಂದ ಎರಡು ಮನೆಗಳ ನಡುವಿನ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತು. ನಿಂತ ಗಾಡಿಗೂ ಸರತಿ ತಪ್ಪಲಿಲ್ಲ. ಅಣ್ಣನ ವರ್ಷದಲ್ಲಿ ಅತ್ತಿಗೆ ಕಸ್ತೂರೆವ್ವ ತೊಟ್ಟಿಯ ತುಂಬ ಸಗಣಿಯ ಕುಳ್ಳು ಒಟ್ಟುತ್ತಿದ್ದಳು. ತಮ್ಮನ ವರ್ಷದಲ್ಲಿ ಕುಬೇರಪ್ಪನ ಹೆಂಡತಿ ಮಹಾನಂದಾ ಕುಳ್ಳು ಇಳಿಸಿ ಕಡಲೆ ಹೊಟ್ಟು ತುಂಬುತ್ತಿದ್ದಳು. ಮಳೆಗಾಲದಲ್ಲಿ ಶೆಡ್ಡಿನ ನೆಲ ತೇವವಾಗುವುದೆಂದು ಎರಡೂ ಮನೆಯವರು ಗೊಬ್ಬರದ ಚೀಲಗಳನ್ನು ಅದರಲ್ಲಿಯೇ ಇಡುತ್ತಿದ್ದರು. 2020ರಲ್ಲಿ ಗುರುಶಿದ್ದಪ್ಪ ತೀರಿಕೊಂಡ. ಸರತಿ ಆಗಲೂ ನಿಲ್ಲಲಿಲ್ಲ.

ಹೀಗಿರುವಾಗ ಕಳೆದ ವರ್ಷ, 2024ರ ಭಾದ್ರಪದದಲ್ಲಿ, ಗೌಸ್‌ನ ಫೋನು ಬಂತು.

“ಕುಬೇರಣ್ಣಾ, ಗ್ಯಾರೇಜ್ ಮುಚ್ಚಾಕ ಹತ್ತೀನಿ. ಕಣ್ಣು ಮಂಜಾಗೇತಿ. ಮಗಳು ಮುಬಶಿರಾ ಹುಬ್ಬಳ್ಳಿಗಿ ಕರಕೊಂಡು ಹೊಂಟಾಳ. ನಿನ್ನ ಗಾಡಿ ಒಂದು ಮನಸಿನ್ಯಾಗ ಉಳಕೊಂಡೈತಿ. ಮಾಡಸೂದಿದ್ರ ಈಗ ಹೇಳು.”

ಆ ಹಳೆಯ ಎಂಜಿನ್ನಿನ ಒಳಹೊರಗು ಬಲ್ಲವನು ಆ ಸುತ್ತಿನಲ್ಲಿ ಅವನೊಬ್ಬನೇ ಉಳಿದಿದ್ದ. ಕುಬೇರಪ್ಪನಿಗೆ ಆಗ ಅರವತ್ತಾರು. ಹೊಲವನ್ನು ಬೇರೆಯವರಿಗೆ ಲಾವಣಿಗೆ ಕೊಟ್ಟು ಕುಳಿತಿದ್ದ. ಮುಂಜಾನೆ ಹಾಲಿನ ಡೇರಿ, ಮಧ್ಯಾಹ್ನ ಕಟ್ಟೆ, ಸಂಜೆ ಗುಡಿ. ಇನ್ನೊಂದು ಸಲ ಆ ಗಾಡಿಯ ಸೀಟಿನಲ್ಲಿ ಕೂಡುವ ಆಸೆ ತನಗೆ ಇಷ್ಟು ಇತ್ತೆಂಬುದು ಆ ಫೋನು ಬರುವವರೆಗೆ ಅವನಿಗೇ ಗೊತ್ತಿರಲಿಲ್ಲ. ಮರುದಿನವೇ ಗೌಸ್‌ನನ್ನು ಕರೆಸಿದ.

ಗೌಸ್ ಗೋಣಿತಾಟು ಹಾಸಿಕೊಂಡು ಗಾಡಿಯ ಕೆಳಗೆ ಸರಿದ. ಕಣ್ಣಿಗಿಂತ ಕೈಯಿಂದಲೇ ಹೆಚ್ಚು ನೋಡಿದ. ಸ್ಕ್ರೂಡ್ರೈವರಿನಿಂದ ತಳದ ಚೌಕಟ್ಟನ್ನು, ಚೆಸ್ಸಿಯನ್ನು, ಒತ್ತಿದರೆ ಒಂದು ಕಡೆ ಠಣ್ ಎಂದಿತು, ಇನ್ನೊಂದು ಕಡೆ ಹಸಿ ಬೆಲ್ಲದಲ್ಲಿ ಹೋದಂತೆ ಒಳಗೆ ಹೋಯಿತು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು ಗಡ್ಡದಲ್ಲಿಯ ಹೊಟ್ಟು ಝಾಡಿಸಿಕೊಂಡ.

“ಎಂಜಿನ್ ಅಗದಿ ಗಟ್ಟಿ ಐತಿ. ಗೇರ್ ಬಾಕ್ಸಿನ್ಯಾಗ ಒಂದು ಹಲ್ಲು ಮುರದೈತಿ, ಅದಷ್ಟ. ಆವತ್ತ ಮಾಡಿಸಿದ್ರ ಒಂದು ದಿನದ ಕೆಲಸ.”

“ಮತ್ತ ಚೆಸ್ಸಿ?”

“ಚೆಸ್ಸಿ ಗೊಬ್ಬರ ತಿಂದೈತಿ. ಯೂರಿಯಾ ಚೀಲ ಇಡೂ ಜಾಗಾ ಏನೋ ಇದು? ಮುರದದ್ದಕ್ಕ ಕೆಟ್ಟಿಲ್ಲ ಇದು, ನಿಂದ್ರಿಸಿದ್ದಕ್ಕ ಕೆಟ್ಟೈತಿ.” ಗೌಸ್ ಎದ್ದು ನಿಂತ. “ಆಗೂದಿಲ್ಲ ಅಂತ ಅನ್ನೂದಿಲ್ಲ. ಹಿಂದಿನ ಅರ್ಧ ಕತ್ತರಿಸಿ ಹೊಸಾ ಪಟ್ಟಿ ಹಚ್ಚಬೇಕು. ದೀಪಾವಳಿ ಪಾಡ್ಯಾಕ್ಕ ಅಂಗಡಿ ಮಾಲಕಗ ಕೀಲಿ ಕೊಡ್ತೀನಿ. ಅದರೊಳಗ ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ. ಅರ್ಧ ಮಾಡಿ ಬಿಡೂದು ನನಗ ಬರೂದಿಲ್ಲ.”

ಹೂಂ ಎನ್ನಲು ಕುಬೇರಪ್ಪನ ನಾಲಿಗೆ ಮುಂದಾಗಿತ್ತು. ಆದರೆ ಆ ವರ್ಷ ಅವನದಲ್ಲ, ಅತ್ತಿಗೆಯದು. ಆಕೆಯನ್ನು ಕೇಳದೆ ಒಂದು ಬೋಲ್ಟನ್ನೂ ಬಿಚ್ಚುವಂತಿರಲಿಲ್ಲ.

ಕಸ್ತೂರೆವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಎಂಟು ವರ್ಷ. ತಲೆ ಬಾಚಿ, ಪಾಟಿ ಕೊಟ್ಟು ಶಾಲೆಗೆ ಕಳಿಸಿದವಳು ಆಕೆಯೇ. ಎಪ್ಪತ್ತನಾಲ್ಕರಲ್ಲೂ ಬೆನ್ನು ಬಾಗಿಸದೆ ನಡೆಯುತ್ತಿದ್ದಳು. ಅಂದು ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದಳು.

“ವೈನಿ, ಗೌಸ್ ಬಂದಿದ್ದ.”

“ಕಂಡೆ. ಗಾಡಿ ಬುಡಕ ಮಲಕೊಂಡಿದ್ದ.”

“ಮಾಡಬಹುದಂತ. ದೀಪಾವಳಿ ಒಳಗ ಹೇಳಬೇಕಂತ. ನೀ ಹೂಂ ಅಂದ್ರ…”

ಕಸ್ತೂರೆವ್ವ ಸಗಣಿಯ ಕೈ ಮೇಲೆತ್ತಲಿಲ್ಲ. “ಗಾಡಿ ಮುರದದ್ದು ಯಾರ ವರ್ಷದಾಗ?”

“ಅದು ಈಗ್ಯಾಕ?”

“ಮೊದಲ ಅದನ್ನ ಹೇಳು.”

“ಹಿರ್ಯಾರು ಆವತ್ತ ಹೇಳ್ಯಾರಲ್ಲ.”

“ಹಿರ್ಯಾರನ್ನ ಕೇಳಿಲ್ಲ ನಾ. ನಿನ್ನ ಕೇಳೀನಿ.”

ಕುಬೇರಪ್ಪ ನಿಂತ, ಟೊಪ್ಪಿಗೆ ಸರಿಮಾಡಿಕೊಂಡ, ತಿರುಗಿ ಬಂದ. ಬರುವಾಗ ದಾರಿಯಲ್ಲಿದ್ದ ಬಕೆಟ್ಟನ್ನು ಒದ್ದ.

ಆಕೆ ಕೇಳಿದ ಪ್ರಶ್ನೆಯ ಹಿಂದೆ ಒಂದು ಮುಂಜಾನೆಯ ಕತೆಯಿದೆ. 2013ರ ಯುಗಾದಿಯವರೆಗೆ ಗಾಡಿ ಅಣ್ಣನದು, ಅಂದಿನಿಂದ ತಮ್ಮನದು. ಕಣದಲ್ಲಿ ಉಳಿದ ಕೊನೆಯ ಹೊಟ್ಟನ್ನು ತಂದುಬಿಡೋಣವೆಂದು ಗುರುಶಿದ್ದಪ್ಪ ಹೊತ್ತು ಹುಟ್ಟುವ ಮೊದಲೇ ಗಾಡಿ ತೆಗೆದುಕೊಂಡು ಹೋಗಿದ್ದ. ಇತ್ತ ಕುಬೇರಪ್ಪನ ಮನೆಯಲ್ಲಿ ಅಂದು ಎಲ್ಲವೂ ಬೇಗ. ಹೊಸ ವರ್ಷದ ಗಾಡಿ ಕೈಗೆ ಬರುತ್ತದೆಂಬ ಹುರುಪಿನಲ್ಲಿ ಅವನು ಎಣ್ಣೆನೀರು ಹಾಕಿಕೊಂಡು, ಪೂಜೆ ಮುಗಿಸಿ, ಏಳಕ್ಕೆಲ್ಲ ಬೇವು ಕುಡಿದು ಮುಗಿಸಿದ್ದ. ಎಂಟರ ಸುಮಾರಿಗೆ ಸುದ್ದಿ ಬಂತು. ಹಳ್ಳದ ಏರಿನಲ್ಲಿ ಗಾಡಿ ಈಗಷ್ಟೇ ಕಟ್ ಎಂದು ನಿಂತಿದೆ, ಗೇರು ಬೀಳುತ್ತಿಲ್ಲ.

ಹಿಂದಿನ ವರ್ಷ ಪೂರ್ತಿ ಅಣ್ಣ ಗಾಡಿಯನ್ನು ದಬ್ಬಾಡಿಸಿ ಓಡಿಸಿದ್ದನ್ನು ಕುಬೇರಪ್ಪ ಮರೆತಿರಲಿಲ್ಲ. ಅವನು ಮುರಿದದ್ದನ್ನು ನಾನು ಯಾಕೆ ಮಾಡಿಸಲಿ ಎಂಬ ಒಂದೇ ಸಿಟ್ಟು. ಹಿರಿಯರಿಬ್ಬರು ಅವನ ಅಂಗಳಕ್ಕೆ ಬಂದು “ನಿಮ್ಮನ್ಯಾಗ ಬೇವು ಆತೇನಪಾ?” ಎಂದು ಕೇಳಿದರು. “ಇನ್ನೂ ಇಲ್ರಿ” ಎಂದುಬಿಟ್ಟ. ಅಷ್ಟೇ ಅಲ್ಲ, ಒಳಗೆ ಹೋಗಿ ಮಹಾನಂದಾಳಿಗೆ ಇನ್ನೊಂದು ಸಲ ಬೇವು ಮಾಡಲು ಹೇಳಿದ. ಆಕೆ ಬೆಲ್ಲವನ್ನು ಕಡಿಮೆ ಮಾಡಿ, ಹೂವಿನ ಜೊತೆ ಎಲೆಯನ್ನೂ ಅರೆದು ಹಾಕಿ ತಂದಿಟ್ಟಳು. ಹಿರಿಯರ ಎದುರಿಗೆ ಕುಳಿತು ಕುಬೇರಪ್ಪ ಅದನ್ನು ಮುಖ ಕಿವುಚದೆ ಕುಡಿದ. ಹಿರಿಯರೂ ಒಂದೊಂದು ಗುಟುಕು ಕುಡಿದು, ವರ್ಷ ಈಗ ಬದಲಾಯಿತು, ರಿಪೇರಿ ಗುರುಶಿದ್ದಪ್ಪನದು ಎಂದು ತೀರ್ಪು ಕೊಟ್ಟು ಹೋದರು.

ಗುರುಶಿದ್ದಪ್ಪ ಜಗಳ ಮಾಡಲಿಲ್ಲ. ಎತ್ತು ಕಟ್ಟಿ ಗಾಡಿಯನ್ನು ಎಳೆಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದ. “ನಾ ಮಾಡಸೂದಿಲ್ಲ. ಯಾರ ವರ್ಷದಾಗ ಮುರದೈತೋ ಅವರ ಮಾಡಸಲಿ” ಎಂದ. ಅಣ್ಣತಮ್ಮಂದಿರು ಮಾತು ಬಿಡಲಿಲ್ಲ. ಮದುವೆಗೆ ಹೋದರು, ಬಂದರು, ಒಂದೇ ಪಂಕ್ತಿಯಲ್ಲಿ ಉಂಡರು. ಗಾಡಿಯ ಮಾತನ್ನು ಮಾತ್ರ ಏಳು ವರ್ಷ, ಗುರುಶಿದ್ದಪ್ಪ ಸಾಯುವವರೆಗೆ, ಒಬ್ಬರೂ ಎತ್ತಲಿಲ್ಲ.

ಈಗ ಅತ್ತಿಗೆ ಎತ್ತಿದ್ದಳು. ಕುಬೇರಪ್ಪ ಸುತ್ತಿ ಬಳಸಿ ಹೋಗುವ ದಾರಿ ಹುಡುಕಿದ.

ಮೊದಲು ಹೆಂಡತಿಯನ್ನು ಕಳಿಸಲು ನೋಡಿದ. ಮಹಾನಂದಾ ರೊಟ್ಟಿ ಬಡಿಯುತ್ತಲೇ ಹೇಳಿದಳು, “ನನ್ನ ಕಳಸಬ್ಯಾಡ್ರಿ. ಆವತ್ತ ಎರಡನೇ ಸಲ ಬೇವು ಅರದದ್ದು ಸಾಕಾಗೇತಿ ನನಗ.”

ಆಮೇಲೆ ಅಣ್ಣನ ಮಗ ಈರೇಶನನ್ನು ಹಿಡಿದ. ಈರೇಶ ನವಲಗುಂದ ಡಿಪೋದಲ್ಲಿ ಕಂಡಕ್ಟರ್. ಹುಬ್ಬಳ್ಳಿಯ ಬಸ್ಸಿನಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿ ಬರುವವನು.

“ಲೇ ಈರೇಶಾ, ನಿಮ್ಮವ್ವಗ ಒಂದು ಮಾತು ಹೇಳೋ.”

“ಕಾಕಾ, ಆ ಗಾಡಿ ಕಾಗದಪತ್ರ ಮುಗದು ಯಾವ ಕಾಲಾತು. ರಸ್ತಾಕ್ಕ ತರಬೇಕಂದ್ರ ಮತ್ತ ಪಾಸಿಂಗ್ ಮಾಡಸಬೇಕು. ಗುಜರಿಗೆ ಹಾಕಿ ಆರಾಮ ಇರ್ರಿ.”

“ನಿನ್ನ ಸಲಹಾ ಕೇಳಿಲ್ಲ ನಾ. ಹೇಳ್ತಿಯೋ ಇಲ್ಲೋ?”

“ಹೇಳ್ತೀನಿ, ಆದ್ರ ಬೈಗಳಾ ನಿಮಗ ಕೊಡಸ್ತೀನಿ.” ಸಂಜೆ ಈರೇಶ ಬಂದು ವರದಿ ಒಪ್ಪಿಸಿದ, “ಯವ್ವ ಅಂತಾಳ, ನಿಮ್ಮ ಕಾಕಾನ ಬಾಯಿ ಏನು ಗ್ಯಾರೇಜಿಗೆ ಹೋಗೇತೇನು, ನಿನ್ನ ಕಳಿಸ್ಯಾನ?”

ಈರೇಶನ ಮಾತೇ ಸರಿಯೆಂದು ಎರಡು ದಿನ ಅನ್ನಿಸಿತು. ಅಣ್ಣಿಗೇರಿಯಿಂದ ಗುಜರಿಯವನನ್ನು ಕರೆಸಿದ. ಅವನು ಬಾನೆಟ್ಟಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದ, ಕುಂಬಾರನ ಅಂಗಡಿಯಲ್ಲಿ ಗಡಿಗೆ ನೋಡುವವರಂತೆ. ಆ ಸಪ್ಪಳ ಕೇಳಿ ಕುಬೇರಪ್ಪನ ಹಲ್ಲು ಕಟಕಟಿಸಿದವು. ಅಷ್ಟರಲ್ಲಿ ಕಸ್ತೂರೆವ್ವ ಬುಟ್ಟಿ ಹೊತ್ತುಕೊಂಡು ಬಂದಳು.

“ಗಾಡಿ ಒಯ್ತಿಯೇನಪಾ? ಒಯ್ಯಿ. ನನ್ನ ಕುಳ್ಳು ಎಲ್ಲಿ ಒಟ್ಟಲಿ, ನಿನ್ನ ತಲಿ ಮ್ಯಾಲ?”

ಗುಜರಿಯವನು ಒಮ್ಮೆ ಆಕೆಯನ್ನು, ಒಮ್ಮೆ ಇವನನ್ನು ನೋಡಿ, “ಮೊದಲ ಮನ್ಯಾಗ ಮಾತಾಡ್ಕೊಳ್ರಿ” ಎಂದು ಸೈಕಲ್ ಮೋಟರ್ ಏರಿ ಹೋದ. ಮಾರಲೂ ಬಿಡಳು, ಮಾಡಿಸಲೂ ಬಿಡಳು ಎಂದು ಕುಬೇರಪ್ಪ ಕಟ್ಟೆಯ ಮೇಲೆ ಕುಳಿತವರ ಮುಂದೆಲ್ಲ ಕೂಗಾಡಿದ. ಕೂಗಾಡಿ ಮನೆಗೆ ಬಂದರೆ ಒಳಗಿನ ಸಿಟ್ಟು ಹಾಗೆಯೇ ಇತ್ತು. ಅದು ಅತ್ತಿಗೆಯ ಮೇಲಿನದಲ್ಲವೆಂಬುದು ಅವನಿಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಇನ್ನಷ್ಟು ಸಿಟ್ಟು. ಒಂದು ಮಾತು ಹೇಳಿದರೆ ಮುಗಿಯುತ್ತದೆ. ಹೇಳಿದರೆ ಮಠದ ಕಟ್ಟೆಯ ಕಾಗದಕ್ಕೆ ತಪ್ಪಿ, ಹಬ್ಬದ ದಿನ, ಹಿರಿಯರ ಎದುರಿಗೆ ಸುಳ್ಳಾಡಿದವನಾಗುತ್ತೇನೆ. ಯಾರಿಗೆ ಹೇಳಬೇಕಾಗಿತ್ತೋ ಅವನಂತೂ ಇಲ್ಲ. ಈ ಲೆಕ್ಕದಲ್ಲಿ ತಲೆ ಕೆಟ್ಟು, ನೀರು ಎತ್ತದ ಮೋಟರಿಗೆ ಬೈದ, ಒದೆಯದ ಎಮ್ಮೆಗೆ ಹೊಡೆದ, ಬೇಳೆಯಲ್ಲಿ ಉಪ್ಪು ಹೆಚ್ಚೆಂದು ಊಟ ಬಿಟ್ಟೆದ್ದ.

ದಸರೆಯಲ್ಲಿ ಆಯುಧಗಳ ಖಂಡಿ ಪೂಜೆಯ ದಿನ ಊರ ಗಾಡಿಗಳೆಲ್ಲ ತೊಳೆಸಿಕೊಂಡು, ಚೆಂಡುಹೂ ಕಟ್ಟಿಸಿಕೊಂಡು ನಿಂತವು. ಕುಬೇರಪ್ಪ ಒಂದು ನಿಂಬೆಹಣ್ಣು, ಚೂರು ವಿಭೂತಿ ಹಿಡಿದು ಶೆಡ್ಡಿಗೆ ಹೋದ. ಅವನಿಗಿಂತ ಮೊದಲೇ ಯಾರೋ ಬಾನೆಟ್ಟಿನ ಧೂಳು ಒರೆಸಿ ಮೂರು ಬೆರಳಿನ ವಿಭೂತಿ ಎಳೆದು, ಒಂದು ಹಿಡಿ ಸೇವಂತಿಗೆ ಇಟ್ಟಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ.

“ಪೂಜಾ ಮಾಡಾಕ ಬರತೈತಿ, ಹೂಂ ಅನ್ನಾಕ ಮಾತ್ರ ಬರೂದಿಲ್ಲ” ಎಂದು ಗೋಡೆಗೆ ಕೇಳುವಂತೆ ಅಂದ.

ಗೋಡೆಯಾಚೆಯಿಂದ ಉತ್ತರ ಬಂತು. “ಹೇಳಾಕ ಬರದವ್ರ ಸರತಿ ಮೊದಲ ಐತಿ.”

ದಸರೆ ಮುಗಿಯಿತು. ಗೌಸ್ ಎರಡು ಸಲ ಫೋನು ಮಾಡಿದ. ಮೊದಲನೆಯ ಸಲ “ಏನಾತು?” ಎಂದು ಕೇಳಿದ. ಎರಡನೆಯ ಸಲ “ಸಾಮಾನು ಮಾರಾಕ ಹತ್ತೀನಿ, ದೊಡ್ಡ ಜ್ಯಾಕ್ ಒಂದು ನಿನ್ನ ಸಲುವಾಗಿ ಇಟ್ಟೀನಿ” ಎಂದ. ಕುಬೇರಪ್ಪ ಎರಡು ಸಲವೂ “ನಾಳೆ ಹೇಳ್ತೀನಿ” ಎಂದ. ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬದ ಸಂಜೆ ಅತ್ತಿಗೆಯ ಬಾಗಿಲವರೆಗೆ ಹೋದವನು, “ಹಂಡೆ ಪೂಜಿ ಆತೇನು ವೈನಿ?” ಎಂದಷ್ಟೇ ಕೇಳಿ, “ಆತು” ಎಂಬ ಉತ್ತರ ಪಡೆದು ತಿರುಗಿ ಬಂದ. ಅಮಾವಾಸ್ಯೆಯ ದಿನ ಹೋಗಲಿಲ್ಲ. ಪಾಡ್ಯದ ದಿನ ಮುಂಜಾನೆಯಿಂದ ಹಣೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದ. ಜ್ವರವೇನೂ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ನವಲಗುಂದಕ್ಕೆ ಹೋದ. ಒಂದು ದಿನ ತಡವಾದರೆ ಗೌಸ್ ಇದ್ದೇ ಇರುತ್ತಾನೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಗ್ಯಾರೇಜಿನ ಶಟರಿಗೆ ಕೀಲಿ ಬಿದ್ದಿತ್ತು. ಬೋರ್ಡು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಚೌಕಾಕಾರವಾಗಿ ಹೊಸದಾಗಿ ಕಾಣುತ್ತಿತ್ತು. ಬಾಜೂ ಚಹಾದಂಗಡಿಯವ ಹೇಳಿದ, “ನಿನ್ನಿ ಸಂಜಿಮಟಾ ಕುಂತಿದ್ರು. ಶಲವಡಿಯಿಂದ ಒಂದು ಗಾಡಿ ಬರೂದೈತಿ ಅಂತಿದ್ರು.”

ಕುಬೇರಪ್ಪ ಚಹಾ ಕುಡಿಯದೆ ಬಸ್ಸು ಹತ್ತಿದ. ಅಂದು ಆ ಬಸ್ಸಿಗೆ ಡ್ಯೂಟಿ ಬಿದ್ದಿದ್ದ ಈರೇಶನೇ ಕಂಡಕ್ಟರ್. ಕಾಕಾನ ಮುಖ ನೋಡಿ ಟಿಕೆಟು ಹರಿದು ಕೈಯಲ್ಲಿಟ್ಟು ಮುಂದೆ ಹೋದ.

ಊರಿಗೆ ಬಂದಾಗ ಮಧ್ಯಾಹ್ನ. ಕಸ್ತೂರೆವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕುಬೇರಪ್ಪ ಚಪ್ಪಲಿ ಸಹಿತ ಬಾಗಿಲಲ್ಲಿ ನಿಂತು, ಯಾರಿಗೋ ಬೈಯುವ ದನಿಯಲ್ಲಿ, ಅಂದ:

“ನಾ ಬೇವು ಕುಡದಿದ್ದೆ ವೈನಿ. ಏಳಕ್ಕ ಕುಡದಿದ್ದೆ. ಹಿರ್ಯಾರ ಮುಂದ ಸುಳ್ಳ ಹೇಳಿದೆ.”

ಮೊರ ನಿಲ್ಲಲಿಲ್ಲ. “ಗೊತ್ತೈತಿ.”

“ಏನು ಗೊತ್ತೈತಿ?”

“ಆವತ್ತ ಮುಂಜಾನೆ ಏಳೂವರಿಗೆ ಮಹಾನಂದಾ ನಳಕ್ಕ ನೀರಿಗೆ ಬಂದಿದ್ಳು. ಗದ್ದದ ಮ್ಯಾಲ ಬೇವಿನ ಹೂವು ಹತ್ತಿತ್ತು. ನಾನ ಒರಿಸಿದೆ.” ಒಂದು ಹರಳು ಹೆಕ್ಕಿ ಹೊರಗೆ ಎಸೆದಳು. “ನಿಮ್ಮಣ್ಣಗೂ ಹೇಳಿದೆ. ಹಿರ್ಯಾರ ಮುಂದ ಹೋಗಿ ಹೇಳ್ರಿ ಅಂದೆ. ಒಲ್ಲೆ ಅಂದ. ಅವನಾಗಿ ಅವನ ಬಂದು ಹೇಳ್ತಾನ, ನಾ ಬೆಳಿಸಿದ ತಮ್ಮ ಅಂದ. ಏಳು ವರ್ಷ ದಾರಿ ನೋಡಿದ. ಅವ ಹೋದ ಮ್ಯಾಲ ನಾಕು ವರ್ಷ ನಾ ನೋಡಿದೆ.”

ಕುಬೇರಪ್ಪ ಹೊಸ್ತಿಲ ಮೇಲೆ ಕುಳಿತುಬಿಟ್ಟ. “ಗೊತ್ತಿದ್ದೂ ಸುಮ್ಮನಿದ್ರೇನು ಇಬ್ಬರೂ? ಒಂದು ಮಾತು ಅಂದಿದ್ರ…”

“ನಾವ್ಯಾಕ ಅನ್ನೂಣು?” ಈಗ ಆಕೆಯ ದನಿ ಏರಿತು. ಮೊರ ಕೆಳಗಿಟ್ಟಳು. “ತಲಿ ಬಾಚಿ ಸಾಲಿಗೆ ಕಳಸೀನಿ ನಿನ್ನ. ಬಾಯಿ ತಗದು ಮಾತಾಡೂದನ್ನೂ ನಾನ ಕಲಸಬೇಕೇನು? ಬಂಗಾರದಂಥಾ ಗಾಡಿ. ನನ್ನ ಸರತಿ ಬಂದಾಗೆಲ್ಲಾ ಕುಳ್ಳು ತುಂಬೀನಿ ಅದರಾಗ. ನನಗೇನು ಹೌಸಿ ಇತ್ತೇನು?”

 ಆಕೆ ಮೊರವನ್ನು ಮತ್ತೆ ಎತ್ತಿಕೊಂಡಳು.

“ಮುರದದ್ದು ನಿನ್ನ ವರ್ಷದಾಗ. ಕಾಗದ ಪ್ರಕಾರ ರಿಪೇರಿ ನಿಂದು. ಇನ್ನ ನನ್ನ ಹೂಂ ಯಾಕ ಬೇಕು? ಮಾಡು.”

“ಗೌಸ್ ಹೋದ ವೈನಿ. ನಿನ್ನೆ ಅಂಗಡಿ ಮುಚ್ಚಿದ.”

“ಹೋದ್ರ ಹೋದ. ನಿನಗ ಕೈ ಇಲ್ಲೇನು?”

ಸಂಜೆ ಮಹಾನಂದಾ ಬಾಗಿಲಿಗೆ ಬಂದು ನೋಡಿದಾಗ, ಕಸ್ತೂರೆವ್ವ ತೊಟ್ಟಿಯಲ್ಲಿ ನಿಂತು ಕುಳ್ಳು ಎತ್ತಿಕೊಡುತ್ತಿದ್ದಳು, ಕುಬೇರಪ್ಪ ಕೆಳಗೆ ನಿಂತು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. 

ಈಗ ಅದಕ್ಕೆ ಆರೆಂಟು ತಿಂಗಳಾಯಿತು. ಗಾಡಿ ಓಡುತ್ತದೆಯೇ ಎಂದು ಕೇಳಿದರೆ, ಇಲ್ಲ. ಟ್ರ್ಯಾಕ್ಟರಿನ ಸರಪಳಿಯಿಂದ ಗೇರ್ ಬಾಕ್ಸನ್ನು ಇಳಿಸಲು ಒಂದು ವಾರ ಹಿಡಿಯಿತು. ಅದರಲ್ಲಿ ಎರಡು ದಿನ ಒಂದು ಬೋಲ್ಟಿಗೇ ಹೋದವು. ಚೆಸ್ಸಿಗೆ ಪಟ್ಟಿ ಹಚ್ಚಲು ಒಪ್ಪಿದ ಅಣ್ಣಿಗೇರಿಯ ವೆಲ್ಡಿಂಗಿನವನು ‘ಬರೋ ಸ್ವಾಮಾರ’ ಎನ್ನುತ್ತ ಒಂಬತ್ತು ಸೋಮವಾರ ಕಳೆದಿದ್ದಾನೆ. ಕುಬೇರಪ್ಪ ದಿನಾ ಮುಂಜಾನೆ ತಂತಿಯ ಬ್ರಶ್ಶು ಹಿಡಿದು ಚೆಸ್ಸಿಗೆ ಹತ್ತಿದ ಜಂಗು ಕೆರೆಯುತ್ತಾನೆ. ಕೆರೆದಷ್ಟೂ ತೂತು ಹೆಚ್ಚು ಕಾಣುತ್ತವೆ. ಮಂಡಿಯ ನೋವಿಗೆ ಕೆಳಗೆ ಮಲಗಿದವನು ತಾನಾಗಿ ಏಳಲಾರ. ಮಹಾನಂದಾ ಬಂದು ಎಳೆಯಬೇಕು. ಎಳೆಯುವಾಗೆಲ್ಲ ಆಕೆ ಒಂದೊಂದು ಮಾತು ಅನ್ನುತ್ತಾಳೆ, ಇವನು ಕೇಳಿಸಿಕೊಳ್ಳುತ್ತಾನೆ. ಈ ಯುಗಾದಿಗೆ ಗಾಡಿ ಯಾರದಾಯಿತೆಂದು ಎರಡೂ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಕಟ್ಟೆಯ ಮೇಲಿನವರು ಮಾತ್ರ ಬಿಡುವುದಿಲ್ಲ. “ಪಿಕಪ್ ಕುಬೇರಪ್ಪಾರ, ಗಾಡಿ ಯಾವಾಗ ಚಾಲೂ?” ಎಂದರೆ ಅವನು ಕೆರಳುತ್ತಾನೆ. “ಹನ್ನೊಂದು ವರ್ಷ ನಿಂತಾಗ ಒಬ್ಬರೂ ಕೇಳಲಿಲ್ಲ. ಈಗ ದಿನಾ ಕೇಳ್ತೀರಿ.”

ಮಂಗಳವಾರ, ಶುಕ್ರವಾರ ಅವನು ಗೇರ್ ಬಾಕ್ಸಿನ ಒಂದು ಭಾಗವನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತುತ್ತಾನೆ. ಮುಬಶಿರಾಳ ಮನೆಯ ಮುಂದಿನ ಕೋಣೆಯಲ್ಲಿ ಗೌಸ್ ಮಂಚದ ಮೇಲೆ ಕುಳಿತಿರುತ್ತಾನೆ. ಮೊದಲ ಸಲ ಹೋದಾಗ ಗೌಸ್ ಮುಖವನ್ನು ಗೋಡೆಗೆ ತಿರುಗಿಸಿ ಕುಳಿತಿದ್ದ. ಆಮೇಲೆ ಕೈ ಮುಂದೆ ಚಾಚಿ “ಏನು ತಂದೀ, ಕೊಡು” ಎಂದಿದ್ದ. ಈಗ ಅವನು ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ, ಎಣಿಸಿ, ಯಾವುದು ಬೇಕೆಂದು ಹೇಳುತ್ತಾನೆ. ಮುಬಶಿರಾ ಚೀಟಿಯಲ್ಲಿ ಬರೆದುಕೊಡುತ್ತಾಳೆ. ಕುಬೇರಪ್ಪ ಆ ಚೀಟಿ ಹಿಡಿದು ಹಳೆಯ ಸಾಮಾನಿನ ಅಂಗಡಿಗಳ ಓಣಿಯಲ್ಲಿ ಬಿಸಿಲು ಇಳಿಯುವವರೆಗೆ ಅಲೆದು, ಸಿಕ್ಕದ್ದನ್ನು ತಂದು ಮತ್ತೆ ಅವನ ಕೈಯಲ್ಲಿಡುತ್ತಾನೆ.

ಹೀಗೆ ಹುಡುಕಿ ತಂದವುಗಳಲ್ಲಿ ಹೋದ ಶುಕ್ರವಾರದ್ದು ಮೂರನೆಯ ಗೇರು. ಗೌಸ್ ಅದನ್ನು ಎರಡು ಸಲ ತಿರುವಿ ಎಣಿಸಿದ.

“ಇದೂ ಅಲ್ಲ ಕುಬೇರಣ್ಣಾ. ಒಂದು ಹಲ್ಲು ಹೆಚ್ಚಿಗಿ ಐತಿ.”

“ನಿನಗ ಎಣಸಾಕ ಬರತೈತೋ ಇಲ್ಲೋ?”

“ನೀನ ಎಣಸು.”

ಕುಬೇರಪ್ಪ ಕನ್ನಡಕ ಏರಿಸಿ ಎಣಿಸಿದ. ಒಂದು ಹಲ್ಲು ಹೆಚ್ಚಿಗೆಯೇ ಇತ್ತು. ಬೈದುಕೊಳ್ಳುತ್ತ ಅದನ್ನು ಧೋತರದಲ್ಲಿ ಸುತ್ತಿ ಚೀಲಕ್ಕೆ ಹಾಕಿದ, ಮುಬಶಿರಾ ಕೊಟ್ಟ ಚಹಾ ನಿಂತುಕೊಂಡೇ ಕುಡಿದ, ಮಂಗಳವಾರ ಬರುವುದಾಗಿ ಹೇಳಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.